ಹಾರ್ಡ್‌ಡಿಸ್ಕ್‌ನ ಹೆಸರು ನಂಬಿ ಕೆಡಬೇಡಿ: ನೆಟ್‌ವರ್ಕ್ ಸ್ಟೋರೇಜ್‌ನಲ್ಲಿ ಗುರುತು ತಪ್ಪಿದರೆ ಆಗುವ ಅನಾಹುತ

ವಾರದ ರಜೆ ಮುಗಿಸಿ ಬೆಳಿಗ್ಗೆ ಆಫೀಸಿನ ಬಾಗಿಲು ತೆರೆದಾಗ, ಎಲ್ಲರ ಕಂಪ್ಯೂಟರಿನಲ್ಲೂ ಶೇರ್ಡ್ ಫೋಲ್ಡರ್ ಇದೆ, ಆದರೆ ಒಳಗೆ ಏನೂ ಇಲ್ಲ ಎಂದುಕೊಳ್ಳಿ. ಇನ್‌ವಾಯ್ಸ್, ಕೊಟೇಶನ್, ಸಂಬಳದ ಶೀಟ್ ಎಲ್ಲವೂ ಮಾಯ. ಗಾಬರಿಯಿಂದ ಬ್ಯಾಕಪ್ ಡಿಸ್ಕ್ ತೆಗೆದು ನೋಡಿದರೆ ಅದೂ ಖಾಲಿ. ವೈರಸ್ ಬಂದಿಲ್ಲ, ಕಳ್ಳ ಬಂದಿಲ್ಲ. ಆಗಿದ್ದಿಷ್ಟೇ: ರಜೆಯ ದಿನ ಕರೆಂಟ್ ಹೋಗಿ ಬಂದಿದೆ, ಸರ್ವರ್ ಮತ್ತೆ ಸ್ಟಾರ್ಟ್ ಆಗಿದೆ, ವಯಸ್ಸಾಗಿದ್ದ ಡೇಟಾ ಡಿಸ್ಕ್ ಮಾತ್ರ ಎದ್ದಿಲ್ಲ. ಡಿಸ್ಕ್ ಇರಬೇಕಾದ ಜಾಗದಲ್ಲಿ ಉಳಿದಿದ್ದ ಖಾಲಿ ಫೋಲ್ಡರನ್ನೇ ಅಸಲಿ ಡೇಟಾ ಅಂತ ತಿಳಿದ ಬ್ಯಾಕಪ್ ಪ್ರೋಗ್ರಾಂ ರಾತ್ರಿ ತನ್ನ ಕೆಲಸವನ್ನು ನಿಯತ್ತಿನಿಂದ ಮುಗಿಸಿದೆ. ಅಲ್ಲಿ ಇಲ್ಲದ್ದು ಇಲ್ಲೂ ಇರಬಾರದು ಎಂದು ಬ್ಯಾಕಪ್‌ನಲ್ಲಿದ್ದುದನ್ನೂ ಅಳಿಸಿ ಹಾಕಿದೆ.

ಇದು ಉದಾಹರಣೆಗೆ ಹೇಳಿದ ಕಥೆಯಾದರೂ ಇದರ ಪ್ರತಿಯೊಂದು ಹೆಜ್ಜೆಯೂ ನಿಜವಾಗಿ ನಡೆಯುವಂಥದ್ದೇ. ಗಲ್ಫ್‌ನ ಸಣ್ಣ ಕಂಪನಿಗಳಲ್ಲಿ ಐಟಿ ಕೆಲಸಕ್ಕೆ ಅಂತ ಪ್ರತ್ಯೇಕ ಜನ ಇರೋದು ಕಡಿಮೆ. ವೀಸಾದಲ್ಲಿ ಸ್ಟೋರ್‌ಕೀಪರ್, ಅಕೌಂಟೆಂಟ್ ಅಥವಾ ಸಿಸಿಟಿವಿ ಟೆಕ್ನಿಷಿಯನ್ ಅಂತಿದ್ದರೂ "ಸ್ವಲ್ಪ ಕಂಪ್ಯೂಟರ್ ಗೊತ್ತಿದೆ" ಎಂಬ ಕಾರಣಕ್ಕೆ ಸರ್ವರ್ ನೋಡಿಕೊಳ್ಳೋದು ನಮ್ಮವರ ಪಾಲಿಗೇ ಬರುತ್ತದೆ. ಡೇಟಾ ಹೋದ ದಿನ ಮುದೀರ್ ಮೊದಲು ಕೇಳೋದು ಅವರನ್ನೇ. ಹಾಗಾಗಿ ಡಿಸ್ಕ್‌ಗಳ ಗುರುತು ಹೇಗೆ ತಪ್ಪುತ್ತದೆ, ತಪ್ಪದಂತೆ ಏನು ಮಾಡಬೇಕು ಎಂಬುದನ್ನು ತಿಳಿದಿರುವುದು ನೌಕರಿಯ ರಕ್ಷಣೆಗೂ ಬೇಕು, ಮನೆಯ ಫೋಟೋ, ದಾಖಲೆಗಳ ರಕ್ಷಣೆಗೂ ಬೇಕು.

ಬೆಡ್ ನಂಬರ್ ಬೇರೆ, ಐಡಿ ನಂಬರ್ ಬೇರೆ

ಬೆಡ್ ಸ್ಪೇಸ್ ರೂಮಿನಲ್ಲಿ ಇದ್ದವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. "ಎರಡನೇ ಬೆಡ್‌ನವ" ಅಂದರೆ ಇವತ್ತು ಒಬ್ಬ. ಅವನು ರಜೆಗೆ ಊರಿಗೆ ಹೋದರೆ ಅದೇ ಬೆಡ್‌ನಲ್ಲಿ ಮತ್ತೊಬ್ಬ. ಬೆಡ್ ನಂಬರ್ ಜಾಗದ ಹೆಸರು, ಮನುಷ್ಯನ ಹೆಸರಲ್ಲ. ಎಮಿರೇಟ್ಸ್ ಐಡಿ, ಇಖಾಮಾ, ಸಿವಿಲ್ ಐಡಿ ಹಾಗಲ್ಲ. ರೂಮ್ ಬದಲಾದರೂ ಅದರ ನಂಬರ್ ಆ ಮನುಷ್ಯನ ಜೊತೆಯಲ್ಲೇ ಹೋಗುತ್ತದೆ.

ಕಂಪ್ಯೂಟರಿನಲ್ಲೂ ಡಿಸ್ಕ್‌ಗಳಿಗೆ ಈ ಎರಡೂ ಬಗೆಯ ಹೆಸರು ಇವೆ. ಲಿನಕ್ಸ್ ಸರ್ವರ್‌ಗಳಲ್ಲಿ ಕಾಣುವ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳು ಬೆಡ್ ನಂಬರ್ ಇದ್ದ ಹಾಗೆ. ಸ್ಟಾರ್ಟ್ ಆಗುವಾಗ ಯಾವ ಡಿಸ್ಕ್ ಮೊದಲು ಸಿಕ್ಕಿತೋ ಅದಕ್ಕೆ ಎ, ನಂತರದ್ದಕ್ಕೆ ಬಿ. ಒಂದು ಯುಎಸ್‌ಬಿ ಡಿಸ್ಕ್ ಚುಚ್ಚಿಟ್ಟು ರೀಸ್ಟಾರ್ಟ್ ಮಾಡಿದರೆ, ಕೇಬಲ್ ಬದಲಿಸಿದರೆ, ಒಂದು ಡಿಸ್ಕ್ ತಡವಾಗಿ ಎದ್ದರೆ ಸಾಲು ಬದಲಾಗಬಹುದು. ನಿನ್ನೆಯ ಎಸ್‌ಡಿಬಿ ಇವತ್ತು ಎಸ್‌ಡಿಸಿ ಆಗಬಹುದು. ವಿಂಡೋಸ್‌ನ ಇ, ಎಫ್, ಜಿ ಡ್ರೈವ್ ಅಕ್ಷರಗಳದ್ದೂ ಇದೇ ಕಥೆ. ಒಂದು ಕಂಪ್ಯೂಟರಿನಲ್ಲಿ ಎಫ್ ಆಗಿದ್ದ ಡಿಸ್ಕ್ ಇನ್ನೊಂದರಲ್ಲಿ ಜಿ ಆಗಿರುತ್ತದೆ. ನೆಟ್‌ವರ್ಕ್ ಡ್ರೈವ್‌ಗೆ ಕೊಟ್ಟ ಝಡ್ ಅಕ್ಷರವಂತೂ ಆಯಾ ಕಂಪ್ಯೂಟರಿನ ಸೆಟ್ಟಿಂಗ್ ಮಾತ್ರ. ಅಕೌಂಟ್ಸ್‌ನವರ ಝಡ್ ಬೇರೆ, ಸೇಲ್ಸ್‌ನವರ ಝಡ್ ಬೇರೆ ಇರಬಹುದು.

ಜೊತೆಯಲ್ಲೇ ಸಾಗುವ ಗುರುತುಗಳು ಮುಖ್ಯವಾಗಿ ಎರಡು. ಮೊದಲನೆಯದು ಡಿಸ್ಕ್‌ನ ಮೇಲಿನ ಸ್ಟಿಕ್ಕರಿನಲ್ಲಿ ಮುದ್ರಿಸಿರುವ ಸೀರಿಯಲ್ ನಂಬರ್. ಇದು ಬೆರಳಚ್ಚು ಇದ್ದ ಹಾಗೆ, ಡಿಸ್ಕ್ ಇರುವಷ್ಟು ದಿನ ಬದಲಾಗೋದಿಲ್ಲ. ಎರಡನೆಯದು ಫಾರ್ಮ್ಯಾಟ್ ಮಾಡುವಾಗ ಫೈಲ್ ಸಿಸ್ಟಮ್‌ಗೆ ಸಿಗುವ ಯುಯುಐಡಿ. ಇದು 128 ಬಿಟ್‌ಗಳ ಸಂಖ್ಯೆ. ಬರೆಯುವಾಗ 32 ಅಂಕಿ-ಅಕ್ಷರ ಮತ್ತು 4 ಅಡ್ಡಗೆರೆ ಸೇರಿ 36 ಅಕ್ಷರ ಆಗುತ್ತದೆ. ಇದು ಐಡಿ ಕಾರ್ಡ್ ಇದ್ದ ಹಾಗೆ: ಮತ್ತೆ ಫಾರ್ಮ್ಯಾಟ್ ಮಾಡಿದರೆ ಹೊಸದು ಬರುತ್ತದೆ.

ಲಿನಕ್ಸ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ, ಬಿಎಲ್‌ಕೆಐಡಿ ಎಂಬ ಕಮಾಂಡ್‌ಗಳು ಇವನ್ನು ತೋರಿಸುತ್ತವೆ. ಡೆವ್ ಫೋಲ್ಡರಿನ ಒಳಗೆ ಡಿಸ್ಕ್ ಎಂಬ ಫೋಲ್ಡರಿನಲ್ಲಿ ಬೈ-ಐಡಿ, ಬೈ-ಯುಯುಐಡಿ ಎಂಬ ಪಟ್ಟಿಗಳೂ ತಯಾರಾಗಿ ಸಿಗುತ್ತವೆ. ಒಂದು ಎಚ್ಚರಿಕೆ: ಕೆಲವು ಯುಎಸ್‌ಬಿ ಕೇಸ್ ಮತ್ತು ಡಾಕ್‌ಗಳು ಒಳಗಿನ ಡಿಸ್ಕ್‌ನ ಸೀರಿಯಲ್ ನಂಬರ್ ಬದಲು ತಮ್ಮದೇ ನಂಬರ್ ತೋರಿಸುತ್ತವೆ. ಹಾಗಾಗಿ ಸೀರಿಯಲ್, ಯುಯುಐಡಿ, ಡಿಸ್ಕ್‌ನ ಗಾತ್ರ ಮೂರನ್ನೂ ತಾಳೆ ನೋಡೋದು ಒಳ್ಳೆಯದು.

ನೆಟ್‌ವರ್ಕ್ ಸೇರಿದರೆ ಅಪಾಯ ಯಾಕೆ ಹೆಚ್ಚು?

ಸ್ವಂತ ಲ್ಯಾಪ್‌ಟಾಪ್‌ಗೆ ಚುಚ್ಚಿದ ಡಿಸ್ಕ್ ಕಣ್ಣೆದುರು ಇರುತ್ತದೆ. ನೆಟ್‌ವರ್ಕ್ ಫೋಲ್ಡರಿನಲ್ಲಿ ಹಾಗಲ್ಲ. ಬಳಸುವವರಿಗೆ ಕಾಣೋದು ಫೋಲ್ಡರಿನ ಹೆಸರು ಮಾತ್ರ. ಅದರ ಹಿಂದೆ ಯಾವ ಡಿಸ್ಕ್ ಇದೆ ಎಂಬುದು ಸರ್ವರ್‌ಗೆ ಮಾತ್ರ ಗೊತ್ತು. ಸರ್ವರ್ ಗುರುತು ತಪ್ಪಿದರೆ ಅದನ್ನು ನಂಬಿದ ಐವತ್ತು ಕಂಪ್ಯೂಟರುಗಳೂ ಒಟ್ಟಿಗೇ ದಾರಿ ತಪ್ಪುತ್ತವೆ.

ಲಿನಕ್ಸ್ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಎನ್‌ಎಫ್‌ಎಸ್ ಪದ್ಧತಿಯನ್ನು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ರೂಪಿಸಿತು. ಇದರಲ್ಲಿ ಪ್ರತಿ ಫೈಲಿಗೂ ಸರ್ವರ್ ಒಂದು "ಫೈಲ್ ಹ್ಯಾಂಡಲ್" ಕೊಡುತ್ತದೆ. ಅದನ್ನು ಟೋಕನ್ ಚೀಟಿ ಎನ್ನಬಹುದು. ಆ ಚೀಟಿಯೊಳಗೆ "ಇದು ಯಾವ ಫೈಲ್ ಸಿಸ್ಟಮ್‌ನದ್ದು" ಎಂಬ ಗುರುತೂ ಸೇರಿರುತ್ತದೆ. ಸಾಮಾನ್ಯವಾಗಿ ಲಿನಕ್ಸ್ ಸರ್ವರ್ ಇದಕ್ಕೆ ಯುಯುಐಡಿಯನ್ನು ಬಳಸುತ್ತದೆ, ಇಲ್ಲದಿದ್ದರೆ ಡಿಸ್ಕ್‌ನ ಡಿವೈಸ್ ನಂಬರನ್ನು. ಡಿವೈಸ್ ನಂಬರ್ ಕೂಡ ಬೆಡ್ ನಂಬರಿನ ಜಾತಿಯದ್ದೇ. ರೀಸ್ಟಾರ್ಟ್ ಆದ ಮೇಲೆ ಅದು ಬದಲಾದರೆ ಹಳೆಯ ಚೀಟಿಗಳೆಲ್ಲ ರದ್ದು. ಆಗ ಪರದೆಯ ಮೇಲೆ "ಸ್ಟೇಲ್ ಫೈಲ್ ಹ್ಯಾಂಡಲ್" ಎಂಬ ಎರರ್ ಬರುತ್ತದೆ.

ಈ ಎರರ್ ಬಂದರೆ ಬೇಸರ ಪಡಬೇಕಿಲ್ಲ. ಅದು "ನೀನು ಹೇಳುವ ಡಿಸ್ಕ್ ನನ್ನ ಹತ್ತಿರ ಇಲ್ಲ" ಎಂದು ಸರ್ವರ್ ಪ್ರಾಮಾಣಿಕವಾಗಿ ಹೇಳುವ ಮಾತು. ನಿಜವಾದ ಅಪಾಯ ಎರರ್ ಬಾರದೆ ಇದ್ದಾಗ. ಎನ್‌ಎಫ್‌ಎಸ್ ಸೆಟ್ಟಿಂಗ್‌ನಲ್ಲಿ ಎಫ್‌ಎಸ್‌ಐಡಿ ಎಂಬ ನಂಬರನ್ನು ಕೈಯಿಂದಲೂ ಕೊಡಬಹುದು. ಅವಸರದಲ್ಲಿ ಕಾಪಿ-ಪೇಸ್ಟ್ ಮಾಡಿ ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ಒಂದೇ ನಂಬರ್ ಕೊಟ್ಟರೆ ಗೊಂದಲ ಶುರು. ಪ್ರತಿ ಎಕ್ಸ್‌ಪೋರ್ಟ್‌ಗೂ ಆ ನಂಬರ್ ಬೇರೆಯೇ ಇರಬೇಕು.

ಖಾಲಿ ಫೋಲ್ಡರಿನ ಮೋಸ

ಲಿನಕ್ಸ್‌ನಲ್ಲಿ ಡಿಸ್ಕನ್ನು ಒಂದು ಖಾಲಿ ಫೋಲ್ಡರಿನ ಮೇಲೆ ಕೂರಿಸುತ್ತಾರೆ. ಇದಕ್ಕೆ ಮೌಂಟ್ ಅನ್ನುತ್ತಾರೆ. ಡಿಸ್ಕ್ ಕೂತಿರುವಾಗ ಅದರೊಳಗಿನ ಫೈಲುಗಳು ಕಾಣುತ್ತವೆ. ಕೂರದಿದ್ದರೆ ಕೆಳಗಿನ ಖಾಲಿ ಫೋಲ್ಡರ್ ಮಾತ್ರ ಕಾಣುತ್ತದೆ, ಹೆಸರು ಮಾತ್ರ ಅದೇ. ಎಫ್‌ಎಸ್‌ಟ್ಯಾಬ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ "ನೋಫೇಲ್" ಎಂಬ ಆಯ್ಕೆ ಹಾಕಿದ್ದರೆ ಡಿಸ್ಕ್ ಸಿಗದೇ ಇದ್ದರೂ ಸರ್ವರ್ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಈ ಆಯ್ಕೆ ತಪ್ಪಲ್ಲ, ದೂರದ ಸರ್ವರ್‌ಗಳಿಗೆ ಬೇಕಾದದ್ದೇ. ಆದರೆ ಅದರ ಮೇಲೆ ನಡೆಯುವ ಬ್ಯಾಕಪ್‌ಗೆ ಕಾವಲು ಇರಬೇಕು.

ಆರ್‌ಸಿಂಕ್ ಎಂಬ ಜನಪ್ರಿಯ ಬ್ಯಾಕಪ್ ಪ್ರೋಗ್ರಾಂಗೆ "ಡಿಲೀಟ್" ಆಯ್ಕೆ ಕೊಟ್ಟಿದ್ದರೆ ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಿಂದಲೂ ತೆಗೆಯುತ್ತದೆ. ಮೂಲವನ್ನು ಓದುವಾಗ ಎರರ್ ಬಂದರೆ ಅದು ಅಳಿಸುವುದನ್ನು ನಿಲ್ಲಿಸುತ್ತದೆ. ಆದರೆ ಖಾಲಿ ಫೋಲ್ಡರ್ ಓದಲು ಯಾವ ಎರರೂ ಇಲ್ಲವಲ್ಲ! ಡಿಸ್ಕ್ ಸತ್ತ ದಿನವೇ ಬ್ಯಾಕಪ್ ಬೇಕಾಗೋದು, ಅದೇ ದಿನ ಬ್ಯಾಕಪ್ ಕೂಡ ಅಳಿದುಹೋಗೋದು ಹೀಗೆ.

ಇದಕ್ಕೆ ಮದ್ದು ದೊಡ್ಡದೇನಲ್ಲ:

1. ಡೇಟಾ ಡಿಸ್ಕ್‌ನ ಒಳಗೆ ಒಂದು ಸಣ್ಣ ಗುರುತಿನ ಫೈಲ್ ಇಡಿ. ಬ್ಯಾಕಪ್ ಸ್ಕ್ರಿಪ್ಟ್ ಮೊದಲು ಆ ಫೈಲ್ ಇದೆಯೇ ಅಂತ ನೋಡಲಿ. ಇಲ್ಲದಿದ್ದರೆ ಏನೂ ಮಾಡದೆ ನಿಲ್ಲಲಿ. ಬ್ಯಾಕಪ್ ಡಿಸ್ಕ್‌ಗೂ ಬೇರೆ ಹೆಸರಿನ ಗುರುತಿನ ಫೈಲ್ ಇರಲಿ. ಎರಡು ಡಿಸ್ಕ್ ಅದಲುಬದಲಾಗಿ ಮೌಂಟ್ ಆಗಿದ್ದರೂ ಇದರಿಂದ ಸಿಕ್ಕಿಬೀಳುತ್ತದೆ.

2. ಆರ್‌ಸಿಂಕ್‌ಗೆ "ಮ್ಯಾಕ್ಸ್-ಡಿಲೀಟ್" ಎಂಬ ಮಿತಿ ಹಾಕಿ. ಇಷ್ಟಕ್ಕಿಂತ ಹೆಚ್ಚು ಫೈಲ್ ಅಳಿಸಬಾರದು ಎಂದು ಅದು ಕೇಳುತ್ತದೆ.

3. ಎನ್‌ಎಫ್‌ಎಸ್ ಎಕ್ಸ್‌ಪೋರ್ಟ್‌ನಲ್ಲಿ "ಮೌಂಟ್‌ಪಾಯಿಂಟ್" ಆಯ್ಕೆ ಬಳಸಿ. ಡಿಸ್ಕ್ ನಿಜವಾಗಿ ಕೂತಿದ್ದರೆ ಮಾತ್ರ ಆಗ ಫೋಲ್ಡರ್ ನೆಟ್‌ವರ್ಕ್‌ಗೆ ಸಿಗುತ್ತದೆ. ಖಾಲಿ ಫೋಲ್ಡರ್ ಹೊರಗೆ ಹೋಗಬಾರದು ಅಂತಲೇ ಈ ಆಯ್ಕೆಯನ್ನು ಮಾಡಿದ್ದಾರೆ.

4. ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಬಿ1 ಅಂತ ಬರೆಯುವ ಬದಲು ಯುಯುಐಡಿ ಬರೆಯಿರಿ.

ಇನ್ನೊಂದು ಸಮಾಧಾನದ ವಿಷಯವೂ ಇದೆ. ಡಿಸ್ಕ್ ಕೂರದ ಹೊತ್ತಿನಲ್ಲಿ ಸಿಬ್ಬಂದಿ ಸೇವ್ ಮಾಡಿದ ಫೈಲುಗಳು ಕೆಳಗಿನ ಫೋಲ್ಡರಿಗೆ ಹೋಗಿರುತ್ತವೆ. ನಂತರ ಡಿಸ್ಕ್ ಸರಿಯಾಗಿ ಕೂತಾಗ ಆ ಫೈಲುಗಳು ಕಾಣೋದಿಲ್ಲ. ಅವು ಅಳಿದಿಲ್ಲ, ಡಿಸ್ಕ್‌ನ ಅಡಿಯಲ್ಲಿ ಮುಚ್ಚಿಹೋಗಿವೆ. ಡಿಸ್ಕ್ ಅನ್‌ಮೌಂಟ್ ಮಾಡಿ ನೋಡಿದರೆ ಸಿಗುತ್ತವೆ.

ಒಂದೇ ಡಿಸ್ಕ್, ಎರಡು ಹೆಸರು

ದೊಡ್ಡ ಕಂಪನಿಗಳಲ್ಲಿ ಡಿಸ್ಕ್‌ಗಳೇ ಬೇರೆ ಪೆಟ್ಟಿಗೆಯಲ್ಲಿದ್ದು ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಬರುತ್ತವೆ. ಇದಕ್ಕೆ ಸ್ಯಾನ್ ಅನ್ನುತ್ತಾರೆ. ಒಂದು ಕೇಬಲ್ ಕೆಟ್ಟರೆ ಇನ್ನೊಂದು ಇರಲಿ ಅಂತ ಎರಡು ದಾರಿ ಇಟ್ಟಿರುತ್ತಾರೆ. ಆಗ ಒಂದೇ ಡಿಸ್ಕ್ ಎಸ್‌ಡಿಸಿ ಅಂತಲೂ, ಎಸ್‌ಡಿಎಫ್ ಅಂತಲೂ ಎರಡು ಸಲ ಕಾಣಿಸುತ್ತದೆ. ತಿಳಿಯದವರು "ಒಂದು ಖಾಲಿ ಡಿಸ್ಕ್ ಇದೆ" ಎಂದುಕೊಂಡು ಎರಡನೆಯದನ್ನು ಫಾರ್ಮ್ಯಾಟ್ ಮಾಡಿದರೆ ಅಳಿಯೋದು ಮೊದಲನೆಯದೇ. ಮಲ್ಟಿಪಾತ್ ಎಂಬ ವ್ಯವಸ್ಥೆ ಎರಡೂ ದಾರಿಗಳನ್ನು ಸೇರಿಸಿ ಒಂದೇ ಹೆಸರು ಕೊಡುತ್ತದೆ. ಅದರಲ್ಲಿ ಕಾಣುವ ಡಬ್ಲ್ಯುಡಬ್ಲ್ಯುಐಡಿ ಎಂಬ ಉದ್ದ ನಂಬರೇ ಅಸಲಿ ಗುರುತು.

ಇದರ ತಮ್ಮನಂಥ ತಪ್ಪು ಇನ್ನೊಂದಿದೆ. ಒಂದೇ ಸ್ಯಾನ್ ಡಿಸ್ಕ್ ಎರಡು ಸರ್ವರ್‌ಗಳಿಗೆ ಕಾಣುತ್ತಿದ್ದರೆ, ಇದು ನನ್ನದೇ ಎಂದು ಎರಡೂ ಕಡೆ ಏಕಕಾಲಕ್ಕೆ ಮೌಂಟ್ ಮಾಡೋದು. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ನಂಥ ಸಾಮಾನ್ಯ ಫೈಲ್ ಸಿಸ್ಟಮ್‌ಗಳು ಒಬ್ಬ ಯಜಮಾನನಿಗಾಗಿ ಮಾಡಿದವು. ಇಬ್ಬರು ಒಟ್ಟಿಗೆ ಬರೆದರೆ ಲೆಕ್ಕ ಕೆಟ್ಟು ಇಡೀ ಡಿಸ್ಕ್ ಹಾಳಾಗುತ್ತದೆ.

ಕ್ಲೋನ್ ಮಾಡಿದ ಡಿಸ್ಕ್: ಐಡಿಯ ಜೆರಾಕ್ಸ್

ಯುಯುಐಡಿ ಬರೆದಿದ್ದೇವೆ, ಇನ್ನು ನಿಶ್ಚಿಂತೆ ಎನ್ನುವಂತಿಲ್ಲ. ಡಿಸ್ಕನ್ನು ಇದ್ದಂತೆ ಕ್ಲೋನ್ ಮಾಡಿದರೆ ಯುಯುಐಡಿಯೂ ನಕಲಾಗುತ್ತದೆ. ಎರಡು ಡಿಸ್ಕ್, ಒಂದೇ ಐಡಿ. ಎರಡನ್ನೂ ಒಂದೇ ಸರ್ವರ್‌ಗೆ ಹಾಕಿದರೆ ಯಾವುದು ಮೌಂಟ್ ಆಗುತ್ತದೆ ಎಂದು ಹೇಳಲಾಗದು. ಎಕ್ಸ್‌ಎಫ್‌ಎಸ್ ಒಂದೇ ಯುಯುಐಡಿಯ ಎರಡನೇ ಡಿಸ್ಕನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ. ಬಿಟಿಆರ್‌ಎಫ್‌ಎಸ್‌ನಲ್ಲಂತೂ ಇದರಿಂದ ಡೇಟಾ ಕೆಡುವ ಅಪಾಯವೇ ಇದೆ. ಕ್ಲೋನ್ ಆದ ಕೂಡಲೇ ಒಂದನ್ನು ತೆಗೆದಿಡಬೇಕು, ಇಲ್ಲವೇ ಅದರ ಯುಯುಐಡಿ ಬದಲಿಸಬೇಕು. ಐಡಿಯ ಮೇಲೆ ಸಂಶಯ ಬಂದಾಗ ಬೆರಳಚ್ಚು ನೋಡಬೇಕು, ಅಂದರೆ ಸೀರಿಯಲ್ ನಂಬರ್.

ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಎಳೆದರೆ

ನಾಸ್ ಪೆಟ್ಟಿಗೆಗಳಲ್ಲಿ ನಾಲ್ಕೈದು ಡಿಸ್ಕ್ ಸೇರಿಸಿ ರೇಡ್ ಮಾಡಿರುತ್ತಾರೆ. ರೇಡ್ 5ರಲ್ಲಿ ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯುತ್ತದೆ. ಆದರೆ ಸತ್ತದ್ದನ್ನು ತೆಗೆಯಲು ಹೋಗಿ ಬದುಕಿರುವ ಒಂದನ್ನು ಎಳೆದರೆ ಎರಡು ಡಿಸ್ಕ್ ಹೋದಂತೆ, ಇಡೀ ವಾಲ್ಯೂಮ್ ನಿಂತುಹೋಗುತ್ತದೆ. ಪರದೆಯ ಮೇಲಿನ ಎಸ್‌ಡಿಎ ಅಂದರೆ ಮೊದಲನೇ ಗೂಡು ಎಂದು ಊಹಿಸುವುದೇ ಇಲ್ಲಿ ದೊಡ್ಡ ತಪ್ಪು. ಡಿಸ್ಕ್ ಹಾಕುವ ದಿನವೇ ಪ್ರತಿ ಗೂಡಿನ ಹೊರಗೆ ಒಳಗಿರುವ ಡಿಸ್ಕ್‌ನ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರ ಬರೆದು ಅಂಟಿಸಿ. ಎರರ್ ಬಂದಾಗ ಪರದೆಯ ಸೀರಿಯಲ್ ಜೊತೆ ತಾಳೆ ನೋಡಿ. ಆಮೇಲೆ ಮಾತ್ರ ಎಳೆಯಿರಿ.

ಸಿಸಿಟಿವಿ ರೆಕಾರ್ಡರ್‌ಗಳಿಗೂ ಇದು ಅನ್ವಯ. ಹೊಸ ಡಿಸ್ಕ್ ಹಾಕಿ "ಇನಿಷಿಯಲೈಸ್" ಒತ್ತುವಾಗ ಹಳೆಯ ಡಿಸ್ಕ್ ಟಿಕ್ ಆಗಿದ್ದರೆ ಹಳೆಯ ದೃಶ್ಯಗಳೆಲ್ಲ ಹೋದವು. ಪೊಲೀಸರು ಕೇಳಿದ ದಿನ ಉತ್ತರ ಕೊಡೋದು ಕಷ್ಟ.

ದೊಡ್ಡವರಿಗೂ ತಪ್ಪಿದ್ದಲ್ಲ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ಎರಡನೇ ಡೇಟಾಬೇಸ್ ಸರ್ವರ್‌ನಲ್ಲಿದ್ದೇನೆ ಎಂದುಕೊಂಡು ಮುಖ್ಯ ಸರ್ವರ್‌ನಲ್ಲೇ ಡೇಟಾ ಫೋಲ್ಡರ್ ಅಳಿಸಿದರು. ಒಂದೆರಡು ಕ್ಷಣದಲ್ಲಿ ತಿಳಿದು ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ದಿನನಿತ್ಯದ ಬ್ಯಾಕಪ್ ಬಹಳ ದಿನದಿಂದ ಸದ್ದಿಲ್ಲದೆ ವಿಫಲವಾಗುತ್ತಿತ್ತು ಎಂಬುದು ಆಗಲೇ ಗೊತ್ತಾಗಿದ್ದು. ಆರು ಗಂಟೆ ಮೊದಲು ಬೇರೆ ಕೆಲಸಕ್ಕೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಸಂಸ್ಥೆ ತಪ್ಪನ್ನು ಮುಚ್ಚಿಡದೆ ಎಲ್ಲವನ್ನೂ ಬಹಿರಂಗವಾಗಿ ಬರೆದು ಪ್ರಕಟಿಸಿತು.

2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್‌ನಲ್ಲಿ ಹಳೆಯ ಲಾಗ್ ಫೈಲ್ ತೆಗೆಯಬೇಕಿದ್ದ ಸ್ಕ್ರಿಪ್ಟ್ ಸಂಶೋಧಕರ ಫೈಲುಗಳನ್ನೇ ಅಳಿಸಿತು. ಸ್ಕ್ರಿಪ್ಟ್ ಓಡುತ್ತಿರುವಾಗಲೇ ಅದನ್ನು ಹೊಸದರಿಂದ ಬದಲಿಸಿದ್ದರಿಂದ "ಎಲ್ಲಿ ಅಳಿಸಬೇಕು" ಎಂದು ಹೇಳುವ ಜಾಗ ಖಾಲಿಯಾಗಿ ಹೋಗಿತ್ತು. ಸುಮಾರು 77 ಟಿಬಿ, 3.4 ಕೋಟಿಯಷ್ಟು ಫೈಲುಗಳು ಹೋದವು. 14 ಗುಂಪುಗಳಿಗೆ ನಷ್ಟವಾಯಿತು, ಅದರಲ್ಲಿ 4 ಗುಂಪುಗಳ ಡೇಟಾಕ್ಕೆ ಬ್ಯಾಕಪ್ಪೂ ಇರಲಿಲ್ಲ.

ಅಲ್ಲಿದ್ದದ್ದು ಲಸ್ಟರ್ ಎಂಬ ಫೈಲ್ ಸಿಸ್ಟಮ್. ಸೌದಿಯ ಥುವಾಲ್‌ನಲ್ಲಿರುವ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯದ ಶಾಹೀನ್-2 ಸೂಪರ್‌ಕಂಪ್ಯೂಟರ್‌ಗೂ ಲಸ್ಟರನ್ನೇ ಬಳಸಿದ್ದರು. ಈಗಾಗಲೇ ಲಸ್ಟರ್ ಡೇಟಾ ಇರುವ ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡು ಎಂದರೆ ಅದು ಸುಮ್ಮನೆ ಒಪ್ಪುವುದಿಲ್ಲ. "ರೀಫಾರ್ಮ್ಯಾಟ್" ಅಂತ ಬೇರೆಯಾಗಿ ಬರೆದು ಹೇಳಬೇಕು. ಕಂಪ್ಯೂಟರ್ ಹೀಗೆ ಒಂದು ಸಲ ತಡೆದಾಗ ಬಲವಂತ ಮಾಡುವ ಮೊದಲು "ಯಾಕೆ ತಡೆಯಿತು?" ಅಂತ ನಿಂತು ಕೇಳಿಕೊಳ್ಳಬೇಕು.

ಮನೆಯವರು ಗಮನಿಸಬೇಕಾದ್ದು

ರಜೆಗೆ ಹೋಗುವಾಗ ಬರ್‌ದುಬೈಯ ಕಂಪ್ಯೂಟರ್ ಅಂಗಡಿಯಿಂದ ಒಂದೇ ಬಗೆಯ ಎರಡು ಹಾರ್ಡ್‌ಡಿಸ್ಕ್ ಕೊಂಡು, ಒಂದು ಇಲ್ಲಿಗೆ, ಇನ್ನೊಂದು ಊರಿನ ಮನೆಗೆ ಅಂತ ಇಡುವವರಿದ್ದಾರೆ. ಒಳ್ಳೆಯ ಅಭ್ಯಾಸ. ಆದರೆ ಎರಡೂ ಒಂದೇ ಬಣ್ಣ, ಒಂದೇ ಗಾತ್ರ. ಕೊಂಡ ದಿನವೇ ಹೊರಗೆ ಸ್ಟಿಕ್ಕರ್ ಅಂಟಿಸಿ, ಒಳಗೂ ಡಿಸ್ಕ್‌ಗೆ ಬೇರೆ ಬೇರೆ ಹೆಸರು ಕೊಡಿ. "ನ್ಯೂ ವಾಲ್ಯೂಮ್" ಅಂತಲೇ ಬಿಡಬೇಡಿ.

ನಾಸ್ ಕೆಟ್ಟಿತು ಅಂತ ಅದರ ಡಿಸ್ಕನ್ನು ತೆಗೆದು ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕುವವರೂ ಇದ್ದಾರೆ. ಮನೆಬಳಕೆಯ ಬಹಳಷ್ಟು ನಾಸ್‌ಗಳ ಒಳಗೆ ಲಿನಕ್ಸ್ ಇರುತ್ತದೆ. ಆ ಡಿಸ್ಕ್ ವಿಂಡೋಸ್‌ಗೆ ಓದಲು ಬರುವುದಿಲ್ಲ. ಆಗ ಅದು "ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು" ಅಥವಾ "ಇನಿಷಿಯಲೈಸ್ ಮಾಡಬೇಕು" ಎಂದು ಕೇಳುತ್ತದೆ. ವಿಂಡೋಸ್‌ಗೆ ಗುರುತು ಸಿಗಲಿಲ್ಲ ಅಂತ ಮಾತ್ರ ಇದರ ಅರ್ಥ, ಡಿಸ್ಕ್ ಖಾಲಿ ಅಂತಲ್ಲ. ಕ್ಯಾನ್ಸಲ್ ಒತ್ತಿ. ಊರಿನಲ್ಲಿರುವ ಮಕ್ಕಳಿಗೂ, ತಂದೆ-ತಾಯಿಗೂ ಈ ಒಂದು ಮಾತನ್ನು ಫೋನಿನಲ್ಲಿ ಹೇಳಿಟ್ಟರೆ ಮದುವೆಯ, ನಾಮಕರಣದ ಫೋಟೋಗಳು ಉಳಿದಾವು.

ಅಳಿಸುವ ಮೊದಲು, ಅಳಿಸಿದ ಮೇಲೆ

ಫಾರ್ಮ್ಯಾಟ್, ಕ್ಲೋನ್, ಡಿಲೀಟ್ ಯಾವುದೇ ಆಗಲಿ, ಮೊದಲು ಹೀಗೆ ಮಾಡಿ:

1. ಯಾವ ಸರ್ವರ್‌ನಲ್ಲಿದ್ದೇನೆ ಅಂತ ಅದರ ಹೆಸರನ್ನು ಒಮ್ಮೆ ಓದಿ.

2. ಡಿಸ್ಕ್‌ನ ಸೀರಿಯಲ್, ಗಾತ್ರ, ಯುಯುಐಡಿ ಮೂರನ್ನೂ ಬರೆದಿಟ್ಟ ಪಟ್ಟಿಯ ಜೊತೆ ತಾಳೆ ನೋಡಿ.

3. ಅದು ಈಗ ಎಲ್ಲಾದರೂ ಮೌಂಟ್ ಆಗಿದೆಯೇ ನೋಡಿ. ಒಳಗೆ ಫೈಲುಗಳಿದ್ದರೆ ನಿಲ್ಲಿಸಿ.

4. ಸಾಧ್ಯವಿದ್ದರೆ ಕೆಲಸಕ್ಕೆ ಬೇಡದ ಡಿಸ್ಕ್‌ಗಳನ್ನು ಕಳಚಿಡಿ. ಎದುರಿಗೇ ಇಲ್ಲದ ಡಿಸ್ಕ್ ಅಳಿಯಲಾರದು.

5. ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಪಕ್ಕದವರಿಗೆ ಕಂಪ್ಯೂಟರ್ ಗೊತ್ತಿಲ್ಲದಿದ್ದರೂ ನಂಬರ್ ತಾಳೆ ನೋಡಲು ಬರುತ್ತದೆ.

6. ಸುಸ್ತಾಗಿರುವಾಗ, ಡ್ಯೂಟಿ ಮುಗಿಯುವ ಹೊತ್ತಿನಲ್ಲಿ ಈ ಕೆಲಸ ಬೇಡ.

ಇಷ್ಟಾದರೂ ತಪ್ಪು ಆಗಿಹೋದರೆ ಮೊದಲ ಕೆಲಸ ನಿಲ್ಲಿಸುವುದು. ಆ ಡಿಸ್ಕ್‌ಗೆ ಹೊಸದೇನೂ ಬರೆಯಬೇಡಿ, ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಬೇಡಿ, ರಿಕವರಿ ಪ್ರೋಗ್ರಾಂ ಅನ್ನು ಅದೇ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡಬೇಡಿ. ರಾತ್ರಿಯ ಬ್ಯಾಕಪ್ ಕೂಡಲೇ ತಡೆಯಿರಿ. ಇಲ್ಲದಿದ್ದರೆ ತಪ್ಪು ಬ್ಯಾಕಪ್‌ಗೂ ಹಬ್ಬುತ್ತದೆ. ಹಳೆಯ ಬಗೆಯ ಹಾರ್ಡ್‌ಡಿಸ್ಕ್‌ನಲ್ಲಿ ಅಳಿಸಿದ್ದು ಮರಳಿ ಸಿಗುವ ಸಾಧ್ಯತೆ ಇದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗ ಖಾಲಿ ಮಾಡುವುದರಿಂದ ಆಸೆ ಕಡಿಮೆ. ಮತ್ತು ಮೇಲಿನವರಿಗೆ ವಿಷಯ ತಿಳಿಸಿ. ಮೊದಲ ಹತ್ತು ನಿಮಿಷದಲ್ಲಿ ಹೇಳಿದ ಸತ್ಯ ಡೇಟಾವನ್ನು ಉಳಿಸಬಹುದು. ಮುಚ್ಚಿಡಲು ಮಾಡುವ ಪ್ರಯತ್ನಗಳೇ ಎಷ್ಟೋ ಸಲ ಉಳಿದದ್ದನ್ನೂ ಅಳಿಸಿಬಿಡುತ್ತವೆ.

ಈ ವಾರದ ರಜೆಯಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ: ಯಾವ ಪೆಟ್ಟಿಗೆ, ಎಷ್ಟನೇ ಗೂಡು, ಯಾವ ಸೀರಿಯಲ್, ಒಳಗೆ ಏನಿದೆ. ಆ ಪಟ್ಟಿ ಕಂಪ್ಯೂಟರಿನೊಳಗೆ ಮಾತ್ರ ಇರಬಾರದು, ಒಂದು ಪ್ರಿಂಟ್ ಗೋಡೆಯ ಮೇಲೂ ಇರಲಿ. ನೀವು ರಜೆಯಲ್ಲಿ ಊರಿಗೆ ಹೋಗಿದ್ದಾಗ ನಿಮ್ಮ ಜಾಗದಲ್ಲಿ ನಿಂತವನಿಗೆ ಅದು ಬೇಕಾಗುತ್ತದೆ.